ಸತ್ತವಳ ಕೈರುಚಿ

ತೂಬಿನ ಮನೆ, ಬರ್ಗಂಡಿ ಕಾಲುವೆ
ಗುರುವಾರ, ೧೭ ಜೂನ್ ೧೯೯೩

ಮಗಳೇ ಎಡ್ವೀಜ್,

ಹೇಗಿದ್ದೀಯ? ಎಣ್ಣೆ ಸಿಡಿದು ಕೈ ಸುಟ್ಟಿತ್ತು ಎಂದು ನಿಮ್ಮ ಕ್ಯಾಪ್ಟನ್ ರೆಮಿ ಹೇಳಿದ್ದ, ವಾಸಿಯಾಯಿತೇ? ದೋಣಿಯ ಆ ಇಕ್ಕಟ್ಟಾದ ಅಡುಗೆಮನೆಯಲ್ಲಿ ಕಿಟಕಿ ತೆರೆದಿಟ್ಟುಕೋ, ನಿನಗೆ ಹೊಗೆ ಆಗುವುದಿಲ್ಲ. ನನಗೆ ಮಂಡಿನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ಸತ್ತವಳಿಗೆ ಇಷ್ಟು ಆರೋಗ್ಯ ಸಾಕಲ್ಲವೇ?

ಇದನ್ನು ಓದಿ ನಿನ್ನ ಮುಖ ಬಿಳಿಚಿಕೊಂಡರೆ ನನಗೆ ಸಂತೋಷ. ಬೆಳಿಗ್ಗೆ ನಿಮ್ಮ ದೋಣಿ ತೂಬಿಗೆ ಬಂದಾಗ ಎಂದಿನಂತೆ ಅದನ್ನು ತೊಟ್ಟಿಯೊಳಗೆ ಬಿಟ್ಟುಕೊಂಡು ಹಿಂದಿನ ಬಾಗಿಲು ಮುಚ್ಚಿ, ಕೆಳಗಿನ ಕಾಲುವೆಯ ಮಟ್ಟಕ್ಕೆ ನೀರು ಇಳಿಸಲು ಹಿಡಿಕೆ ತಿರುಗಿಸುತ್ತಿದ್ದೆ. ವಾರದ ರಜೆಗೆ ದೋಣಿಯಲ್ಲಿರುವ ಅತಿಥಿಗಳು ಕಾಲಾಡಿಸಲು ದಂಡೆಗೆ ಇಳಿದಿದ್ದರು. ಹುಲ್ಲಿನ ಟೋಪಿ ಹಾಕಿದ ಬೆಲ್ಜಿಯಂನ ಹೆಂಗಸೊಬ್ಬಳು, ಹನ್ನೊಂದು ಗಂಟೆಗೇ ಕೈಯಲ್ಲಿ ವೈನಿನ ಲೋಟ, ನನ್ನ ಪಕ್ಕ ನಿಂತು ಮಾತಿಗೆ ಶುರುವಿಟ್ಟಳು. “ನಿನ್ನೆ ಊಟಕ್ಕೆ ನಿಮ್ಮ ಈ ಕಡೆ ಮಾಡೋ ಮೊಟ್ಟೆ ಅಡುಗೆ ಇತ್ತು ಕಣ್ರೀ, ಕೆಂಪು ವೈನಲ್ಲಿ ಬೇಯ್ಸಿದ್ದು. ಅಡುಗೆ ಹುಡುಗೀಗೆ ಅವ್ಳ ತಾಯಿ ಸಾಯೋ ಮುಂಚೆ ಹಾಸಿಗೇಲಿ ಮಲಗ್ಕೊಂಡೇ ಹೇಳ್ಕೊಟ್ಟಿದ್ದಂತೆ. ಕೇಳ್ತಾ ಕೇಳ್ತಾ ನಾವೆಲ್ಲ ಅತ್ಬಿಟ್ವಿ. ಒಂದು ಚಿಟಿಕೆ ದಾಲ್ಚಿನ್ನಿ, ಅದೇ ಗುಟ್ಟಂತೆ.”

ನನ್ನನ್ನು ಸಾಯಿಸಿದ್ದು ಸಾಲದೆಂದು ದಾಲ್ಚಿನ್ನಿ ಬೇರೆ. ಈರುಳ್ಳಿ, ಹಂದಿಮಾಂಸದ ಚೂರು, ಒಂದು ಬಾಟಲಿ ಒಳ್ಳೆಯ ವೈನು, ಬೆಳ್ಳುಳ್ಳಿ ಉಜ್ಜಿದ ಬ್ರೆಡ್ಡು, ಅಷ್ಟೇ. ನಿನ್ನ ಅಜ್ಜಿಯೂ ಅಷ್ಟೇ ಹಾಕುತ್ತಿದ್ದಳು. ಮತ್ತೆ ಆ ಮೊಟ್ಟೆ ಯಾರದ್ದು? ವಾರವಾರವೂ ಬುಟ್ಟಿ ತುಂಬಿಸಿ ರೆಮಿಯ ಕೈಗೆ ಕೊಡುತ್ತೇನಲ್ಲ, ನನ್ನ ಕೋಳಿಗಳದ್ದು.

ಆಮೇಲೆ ಆಕೆ ಕೇಳಿದಳು, “ಆ ತಾಯಿ ನಿಮ್ಗೆ ಗೊತ್ತಿದ್ರಾ?” ಎಂದು. “ಗೊತ್ತಿತ್ತು. ಬಾಯಿ ಸ್ವಲ್ಪ ಜೋರು, ಕೈರುಚಿ ಮಾತ್ರ ಚೆನ್ನಾಗಿತ್ತು” ಎಂದೆ. ಅಷ್ಟು ಜನರ ಎದುರು ನನ್ನ ಮಗಳನ್ನು ಸುಳ್ಳುಗಾತಿ ಎನ್ನಲು ನಾಲಿಗೆ ಏಳಲಿಲ್ಲ. ಹಿಡಿಕೆ ಎರಡು ಸಲ ಕೈಜಾರಿತು. ಆಕೆ ಅದನ್ನು ದುಃಖ ಎಂದುಕೊಂಡು ನನ್ನ ಬೆನ್ನು ಸವರಿದಳು.

ಎರಡು ಬೇಸಿಗೆಯಿಂದ ನೀನು ದೋಣಿಯ ಅಡುಗೆಮನೆಯಿಂದ ಮೇಲೆ ಬಂದು ಮುಖ ತೋರಿಸುತ್ತಿಲ್ಲ. ದೋಣಿ ನನ್ನ ತೊಟ್ಟಿಯಲ್ಲಿ ಕಾಲು ಗಂಟೆ ನಿಲ್ಲುತ್ತದೆ. ಕೇಳಿದಾಗಲೆಲ್ಲ ರೆಮಿ, “ಅವ್ಳಿಗೆ ಕೈ ಬಿಡುವಿಲ್ಲಮ್ಮ, ಒಲೆ ಮೇಲೆ ಏನೋ ಇದೆ” ಎನ್ನುತ್ತಿದ್ದ. ನಾನು ಪೆದ್ದಿ, ನಂಬಿದೆ. ಅಡುಗೆಮನೆಯ ಪರದೆ ಅಲುಗಾಡಿದರೆ ಅದಕ್ಕೇ ಕೈ ಬೀಸುತ್ತಿದ್ದೆ. ಒಲೆಯೂ ಇಲ್ಲ, ಮಣ್ಣೂ ಇಲ್ಲ. ಸತ್ತ ತಾಯಿ ದಂಡೆಯ ಮೇಲೆ ನಿಂತಿರುವಾಗ ಮಗಳು ಮೇಲೆ ಬರುವುದು ಹೇಗೆ? ಕ್ರಿಸ್‌ಮಸ್‌ಗೆ ಬಂದು ನನ್ನ ಕೈಯ ಊಟ ಉಂಡು, ಕೆನ್ನೆಗೆ ಮುತ್ತಿಟ್ಟು ಹೋದವಳು ನೀನೇ ತಾನೇ?

ರಜೆಗೆ ಬಂದವರಿಗೆ ಊಟದ ಜೊತೆ ಒಂದು ಕಥೆ ಬೇಕು, ಒಪ್ಪಿದೆ. ವಾರವಿಡೀ ತಿನ್ನುವುದು, ಕುಡಿಯುವುದು, ದಂಡೆಯ ಹಸುಗಳನ್ನು ನೋಡುವುದು. ನಡುವೆ ಸ್ವಲ್ಪ ಅತ್ತರೆ ವೈನು ಇನ್ನಷ್ಟು ರುಚಿಸುತ್ತದೋ ಏನೋ. ಹಾಗಿದ್ದರೆ ನಿನ್ನ ಅಪ್ಪನ ಕಥೆ ಹೇಳಬಹುದಿತ್ತು. ಅವರು ನಿಜವಾಗಿಯೂ ಹೋಗಿದ್ದಾರೆ, ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಬೇಜಾರಾಗಿದೆ, ಎಡ್ವೀಜ್.

ಈ ಕಥೆ ನನ್ನ ಕಿವಿಗೆ ಬಿತ್ತೆಂದು ರೆಮಿಗೆ ಹೇಳಬೇಡ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನನ್ನನ್ನೂ ಇನ್ನೂ ಇಟ್ಟಿದ್ದಾನೆ ಎಂಬುದು ನೆನಪಿರಲಿ.

ನಿನ್ನ ಅಮ್ಮ
ಜಿನೆಟ್

ಮರೆತಿದ್ದೆ: ಈ ಪತ್ರವನ್ನು ಕೆಳಗಿನ ತೂಬು ನೋಡಿಕೊಳ್ಳುವ ಲುಸಿಯೆನ್ ನಾಳೆಯೇ ನಿನ್ನ ಕೈಗೆ ಕೊಡುತ್ತಾನೆ. ಶನಿವಾರ ನೀವು ಇದೇ ಅತಿಥಿಗಳೊಂದಿಗೆ ವಾಪಸ್ ಮೇಲಿನ ಕಾಲುವೆಗೆ ಹೋಗಲು ಇಲ್ಲಿಗೇ ಬರುತ್ತೀರಿ. ದೋಣಿಯನ್ನು ತೊಟ್ಟಿಯೊಳಗೆ ಬಿಟ್ಟುಕೊಂಡು ಹಿಂದಿನ ಬಾಗಿಲು ಮುಚ್ಚುತ್ತೇನೆ, ಆದರೆ ದೋಣಿ ಮೇಲೇರಲು ನೀರು ಬಿಡುವುದಿಲ್ಲ. ಹಿಡಿಕೆ ಕಳಚಿ ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ರೆಮಿ ಕೂಗಾಡಲಿ, ಅವರ ಊಟ ಆರಿಹೋಗಲಿ. ನೀನು ಮೇಲೆ ಬಂದು, ಅವರೆಲ್ಲರಿಗೂ ಕೇಳುವ ಹಾಗೆ ನನ್ನನ್ನು ಅಮ್ಮಾ ಎಂದು ಕರೆಯಬೇಕು. ಒಂದೇ ಸಲ ಕರೆದರೆ ಸಾಕು.