ನಿನ್ನ ಅರ್ಜಿಗೆ ನಾನು ಹಾಕಿದ ಪದ

ಅಜ್ಜಂಪುರ
ಬುಧವಾರ, 18 ಜೂನ್ 2025

ಪ್ರೀತಿಯ ಸಂಘಮಿತ್ರಕ್ಕಾ,

ಅಂಗಡಿಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನ್ನ ಫೋನ್ ಸದಾ ಭಾವನ ಕೈಯಲ್ಲಿರುತ್ತದೆ ಅಂತ ಇವತ್ತು ತಿಳಿಯಿತು. ಅದಕ್ಕೇ ಈ ಕಾಗದವನ್ನು ಮುಬೀನ್ ಕೈಯಲ್ಲಿ ನಿನ್ನ ಸ್ಕೂಲಿಗೆ ಕಳಿಸುತ್ತಿದ್ದೇನೆ.

ತರೀಕೆರೆಯಲ್ಲಿ ನೀನು ಅರ್ಜಿ ಬರೆಸಿದ ಬ್ರೌಸಿಂಗ್ ಸೆಂಟರ್ ಅವನದೇ. ಇಂಗ್ಲಿಷ್ ಬೇಕಾದ ಅರ್ಜಿಗಳನ್ನು ಅವನು ಕನ್ನಡದಲ್ಲಿ ಟೈಪ್ ಮಾಡಿ ನನ್ನ ಡಿಟಿಪಿ ಅಂಗಡಿಗೆ ವಾಟ್ಸಾಪ್ ಮಾಡುತ್ತಾನೆ. ಜನರ ಬಾಯಿಗೆ ಬೀಳಬಾರದೆಂದು ಹೆಸರಿನ ಜಾಗದಲ್ಲಿ ಬರೀ ಚುಕ್ಕೆ ಇಡುವುದು, ಕೊನೆಗೆ ಅವನೇ ಹೆಸರು ತುಂಬುವುದು ನಮ್ಮಿಬ್ಬರ ರೂಢಿ. ಹೋದ ತಿಂಗಳು ಅಂಥದ್ದೊಂದು ಬಂತು. ಯಾರೋ ಟೀಚರ್, ಸ್ಕೂಲಿನ ಕ್ವಾರ್ಟರ್ಸ್‌ನಲ್ಲಿ ಒಂದು ರೂಮ್ ಕೊಡಿ ಅಂತ ಹೆಡ್ ಆಫೀಸಿಗೆ ಬರೆದದ್ದು. ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾನೆ, ಹೊಡೆಯುತ್ತಾನೆ, ಆ ಮನೆಯಲ್ಲಿ ಇನ್ನು ಇರಲಾರೆ ಅಂತ ಇತ್ತು.

ನನ್ನ ಜಂಬ ನಿನಗೆ ಗೊತ್ತೇ ಇದೆಯಲ್ಲ. ಹನ್ನೊಂದು ವರ್ಷದಿಂದ ಜನರ ಕಷ್ಟಕ್ಕೆ ಇಂಗ್ಲಿಷ್ ಹೊಂದಿಸುವವಳು ನಾನು. ‘ಟ್ರಬಲ್’ ಅಂದರೆ ತಪ್ಪು ಇವರದೇ ಇರಬೇಕು ಅಂದುಕೊಳ್ಳುತ್ತಾರೆ. ‘ಡಿಸ್ಟ್ರೆಸ್’ ಅಂದರೆ ಆಫೀಸಿನವರು ಪೊಲೀಸ್ ಕೇಸೇನೋ ಅಂತ ಹೆದರಿ ಫೈಲನ್ನೇ ಬದಿಗಿಡುತ್ತಾರೆ. ‘ಹಾರ್ಡ್‌ಶಿಪ್’ ಟ್ರಾನ್ಸ್‌ಫರ್ ಕೇಳುವವರೆಲ್ಲ ಬರೆದೂ ಬರೆದೂ ಸವೆದು ಹೋಗಿದೆ. ಎಲ್ಲವನ್ನೂ ತೂಗಿ ನೋಡಿ, ಮೇಲಿನವರಿಗೆ ಮುಜುಗರವಾಗದ ಹಾಗೆ ‘ಸಮ್ ಇನ್‌ಕನ್ವೀನಿಯನ್ಸ್ ಅಟ್ ಹೋಮ್’, ಮನೆಯಲ್ಲಿ ಸ್ವಲ್ಪ ಅನನುಕೂಲ, ಅಂತ ಹಾಕಿದೆ. ಚರಂಡಿ ವಾಸನೆಗೆ, ಕರೆಂಟ್ ಹೋದದ್ದಕ್ಕೆ ಹಾಕುವ ಪದ ಅಕ್ಕಾ ಅದು! ಹೊಡೆತ, ಬೀಗ ಎಲ್ಲ ತೆಗೆದು, ನಾಲ್ಕೇ ಸಾಲಿನಲ್ಲಿ ಚೊಕ್ಕವಾಗಿ ಮುಗಿಸಿದೆ ಅಂತ ಬೀಗಿದೆ.

ಇವತ್ತು ಬೆಳಿಗ್ಗೆ ಮುಬೀನ್ ಫೋನ್ ಮಾಡಿ, ‘ಅಕ್ಕಾ, ಆ ಮೇಡಂಗೆ ಆಗಲ್ಲ ಅಂದ್ಬಿಟ್ರಂತೆ. ಅವ್ರ ಫೋನೂ ಗಂಡನ ಹತ್ರನೇ ಇರ್ತದಂತೆ. ಇನ್ನೊಂದ್ಸಲ ಗಟ್ಟಿಯಾಗಿ ಬರ್ಕೊಡಿ’ ಅಂದ. ಹೆಡ್ ಆಫೀಸಿನ ಉತ್ತರದ ಫೋಟೋನೂ ಕಳಿಸಿದ. ಸಣ್ಣಪುಟ್ಟ ಅನನುಕೂಲ ಎಲ್ಲ ಸಿಬ್ಬಂದಿಗೂ ಇದ್ದದ್ದೇ, ಅದಕ್ಕಾಗಿ ರೂಮ್ ಕೊಡಲಾಗದು ಅಂತ ಬರೆದಿದ್ದರು. ನನ್ನ ಪದವನ್ನೇ ಎತ್ತಿ ನಿನಗೆ ಹೊಡೆದಿದ್ದರು. ಆ ಉತ್ತರದಲ್ಲಿ ಚುಕ್ಕೆ ಇರಲಿಲ್ಲ. ‘ಶ್ರೀಮತಿ ಸಂಘಮಿತ್ರಾ ಚಂದ್ರಕುಮಾರ್’ ಅಂತ ಇತ್ತು.

ಜೆರಾಕ್ಸ್‌ಗೆ ಬಂದವರನ್ನೆಲ್ಲ ಕಳಿಸಿ ಅರ್ಧ ಷಟರ್ ಎಳೆದು ನೆಲದ ಮೇಲೆ ಕೂತುಬಿಟ್ಟೆ. ಆ ಚುಕ್ಕೆಯ ಜಾಗದಲ್ಲಿ ನೀನಿದ್ದೀಯ ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು? ಗೊತ್ತಿದ್ದರೆ ಹೀಗೆ ಬರೆಯುತ್ತಿದ್ದೆನಾ? ಇನ್ನೊಂದು ತಿಂಗಳು ನೀನು ಆ ಬೀಗದೊಳಗೆ ಕಳೆದದ್ದು ನನ್ನಿಂದ. ಹೇಗೆ ಕ್ಷಮಿಸು ಅನ್ನಲಿ?

ಹೊಸ ಅರ್ಜಿ ಜೊತೆಗಿದೆ. ಈ ಸಲ ಯಾವ ಪದವನ್ನೂ ಹುಡುಕಲಿಲ್ಲ; ನೀನು ಕನ್ನಡದಲ್ಲಿ ಬರೆಸಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷ್ ಮಾಡಿದ್ದೇನೆ. ಆದರೆ ಅವರ ರೂಮಿಗೆ ಕಾಯಬೇಡ. ಶನಿವಾರ ಸ್ಕೂಲ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಮನೆಗೆ ಹೋಗಿ ಏನನ್ನೂ ತರಬೇಡ, ಉಟ್ಟ ಸೀರೆಯಲ್ಲೇ ಬಾ. ಅಜ್ಜಂಪುರದ ಬಸ್ ಹತ್ತೋಣ. ಅಮ್ಮನಿಗೆ ಹೇಳುವುದು ನನಗೆ ಬಿಡು.

ನಿನ್ನ ತಂಗಿ,
ಪ್ರಜ್ಞಾ

ತಾ.ಕ.: ನನಗೆ ಗೊತ್ತಿರಲಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ನಿನ್ನ ಅರ್ಜಿಯಲ್ಲಿ ಬೆರಳಿನದೊಂದು ಸಾಲಿತ್ತು, ಗಂಡ ಅದನ್ನು ಬಾಗಿಲ ಸಂದಿಗಿಟ್ಟು ಒತ್ತಿದ್ದು. ಬುದ್ಧ ಪೂರ್ಣಿಮೆಯ ದಿನ ಅಮ್ಮನ ಮನೆಯಲ್ಲಿ ನೀನು ಬೆರಳಿಗೆ ಬಟ್ಟೆ ಸುತ್ತಿಕೊಂಡು, ‘ಬಾಗ್ಲಿಗೆ ಸಿಕ್ಕಾಕ್ಕೊಳ್ತು ಕಣೇ’ ಅಂದಿದ್ದೆ. ಆ ಸಾಲು ಓದಿದಾಗ ಕಣ್ಣ ಮುಂದೆ ಬಂದವಳು ನೀನೇ. ಇದು ನೀನಾಗಿರಬಾರದು ಅಂತಲೇ ಆ ಸಾಲನ್ನು ಅಳಿಸಿದೆ.