ಕೈಗವಸು ಬೀಳಿಸಿ ಹೋದವಳಿಗೆ

ಲೂಯಿವಿಲ್, ಕೆಂಟಕಿ
ಸೋಮವಾರ, 20 ಏಪ್ರಿಲ್ 1936

ಪ್ರೀತಿಯ ಮೀಡಾ,

ಹೇಗಿದ್ದೀಯೆ? ಹೋದ ಕಾಗದದಲ್ಲಿ ಬರೆದಿದ್ದ ಬೆನ್ನುನೋವು ಇಳಿಯಿತೇ? ಮಗಳ ಕೆಮ್ಮು ವಾಸಿಯಾಯಿತೇ? ನಿನ್ನ ಗಂಡನ ಕ್ಷೇಮವನ್ನೂ ಕೇಳಬೇಕು. ಆದರೆ ನಾನೊಬ್ಬಳು ಭೂಮಿಯ ಮೇಲಿದ್ದೇನೆಂದೇ ತಿಳಿಯದವನನ್ನು ಹೇಗೆ ವಿಚಾರಿಸುವುದು ಕಣೇ? ನೀನು ಬಿಳಿಯರ ಮನೆಯ ಅನಾಥೆ ಎಂದು ನಂಬಿ ಕೈಹಿಡಿದ ಪುಣ್ಯಾತ್ಮ, ಸುಖವಾಗಿರಲಿ. ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಅಮ್ಮ ಚೆನ್ನಾಗಿಲ್ಲ, ಅದನ್ನು ಮುಂದೆ ಹೇಳುತ್ತೇನೆ. ಇವತ್ತು ಒಗೆಯುವ ದಿನ. ಹಿತ್ತಲಲ್ಲಿ ಊರವರ ಬಟ್ಟೆಯೆಲ್ಲ ಹಂಡೆಯಲ್ಲಿ ಕುದಿಯುತ್ತಿದೆ, ನಾನು ಒದ್ದೆ ಕೈ ಒರೆಸಿಕೊಂಡು ಬರೆಯುತ್ತಿದ್ದೇನೆ. ರೈಲಿನಲ್ಲಿ ಪ್ರಯಾಣಿಕರಿಗೆ ಹಾಸಿಗೆ ಹಾಸುವ ನಮ್ಮ ಲೂಷಿಯಸ್ ಎಂದಿನಂತೆ ಇದನ್ನು ಗುಟ್ಟಾಗಿ ತಲುಪಿಸುತ್ತಾನೆ. ಓದಿ ಒಲೆಗೆ ಹಾಕು.

ಈಸ್ಟರ್ ಹಿಂದಿನ ಶನಿವಾರದ ಸಂಗತಿ ಹೇಳುತ್ತೇನೆ. ನೀನು ಬಣ್ಣ ದಾಟಿ ಬಿಳಿಯಳಾಗಿ ಹೋದ ಮೇಲೆ ಏಳು ವರ್ಷದಿಂದ ಆ ದಿನ ಅಮ್ಮನಿಗೆ ಹಬ್ಬಕ್ಕಿಂತ ದೊಡ್ಡದು. ಅವಳು ರೈಲು ಹತ್ತಿ ನಿನ್ನ ಸಿನ್ಸಿನಾಟಿಗೆ ಬಂದು ನದಿ ಕಡೆಯ ಪಾರ್ಕಿನ ಬೆಂಚಿನ ಮೇಲೆ ಕೂರಬೇಕು. ಹನ್ನೊಂದು ಗಂಟೆಗೆ ನೀನು ಮಗುವಿನ ಕೈ ಹಿಡಿದು ಅವಳ ಮುಂದೆ ಹಾದುಹೋಗಬೇಕು. ಗುರುತು ತೋರಿಸುವಂತಿಲ್ಲ, ಮಾತಾಡುವಂತಿಲ್ಲ. ನೀನು ಒಂದು ಕೈಗವಸು ಬೀಳಿಸುತ್ತೀಯೆ, ನಿಧಾನವಾಗಿ ಬಗ್ಗಿ ಎತ್ತಿಕೊಳ್ಳುತ್ತೀಯೆ, ಅಷ್ಟರಲ್ಲಿ ಅಮ್ಮ ನಿನ್ನನ್ನು ಕಣ್ತುಂಬ ನೋಡಿಕೊಳ್ಳುತ್ತಾಳೆ. ಆ ಅರ್ಧ ನಿಮಿಷಕ್ಕೆ ಪ್ರತಿ ವರ್ಷವೂ ಹೊಸ ಟೋಪಿ! ಈ ಸಲ ನೇರಳೆ ರಿಬ್ಬನ್ನಿನದು. ನಮ್ಮ ಚರ್ಚಿಗೆ ಬರುವ ಸಿಸ್ಟರ್ ಜೆರೂಶಾಳನ್ನು ಕರೆಸಿ, ಬಾಚಣಿಗೆ ಕಾಯಿಸಿ ಕೂದಲು ನೇರ ಮಾಡಿಸಿಕೊಂಡಳು. “ಟಿಶ್, ಹಿಂದ್ಗಡೆ ಸರಿಯಾಗಿದೆಯೇನೇ? ಮಗು ನೋಡ್ತಾಳೆ” ಎಂದು ನನ್ನನ್ನು ಹತ್ತು ಸಲ ಕೇಳಿದಳು. ಮಗುವಂತೆ, ಮೂವತ್ತೊಂದು ವರ್ಷದ ಮಗು! ನನ್ನ ಮದುವೆಗೆ ಇದೇ ಅಮ್ಮ ಹಳೆಯ ಟೋಪಿಗೆ ಬ್ರಶ್ ಹೊಡೆದು ಬಂದಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಇಂದು ನಿನ್ನೆಯದಲ್ಲ. ನಾನು ಅಪ್ಪನ ಬಣ್ಣ, ನೀನು ಅಮ್ಮನ ಅಮ್ಮನ ಬಣ್ಣ. ಆ ಅಜ್ಜಿಗೆ ಆ ಬಣ್ಣ ಯಾವ ಧಣಿಯ ಮನೆಯಿಂದ ಬಂತೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಆದರೆ ಮಗುವಿನ ಮುಖದಲ್ಲಿ ಅದು ಕಂಡರೆ ಮುದ್ದಿಸುತ್ತಾರೆ. ಅಂಗಡಿಯ ಚಪ್ಪಲಿ ಬೂಟುಗಳಿಗೆ ನಮ್ಮವರು ಕಾಲಿಟ್ಟು ನೋಡುವಂತಿರಲಿಲ್ಲವಲ್ಲ, ಅಮ್ಮ ನನ್ನ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಕಾಗದ ಹಿಡಿದುಕೊಂಡು ಹೋಗುತ್ತಿದ್ದಳು. ತಂದ ಬೂಟು ಯಾವಾಗಲೂ ಕಚ್ಚುತ್ತಿತ್ತು. ನಿನಗೆ? ನಿನ್ನನ್ನು ಮುಂದೆ ಬಿಟ್ಟು, ತಾನು ಏಪ್ರನ್ ಕಟ್ಟಿಕೊಂಡು ಹಿಂದೆ ನಡೆದು, “ನಮ್ಮ ಚಿಕ್ಕಮ್ಮಾವ್ರಿಗೆ ಒಂದು ಜೊತೆ ಹಾಕಿ ತೋರ್ಸಿ ಸ್ವಾಮೀ” ಅನ್ನುತ್ತಿದ್ದಳು. ಹೆತ್ತ ಮಗಳ ಆಳಾಗಿ ನಿಲ್ಲುತ್ತಿದ್ದಳು, ಅದೂ ನಗುನಗುತ್ತ! ನಾನು ಬೀದಿಯಲ್ಲಿ ನಿಂತು ಗಾಜಿನೊಳಗೆ ಅದನ್ನೆಲ್ಲ ನೋಡಿದ್ದೇನೆ. ನಿನಗೆ ಈ ಆಟ ಕಲಿಸಿದವಳು ಅವಳೇ, ಕಳೆದುಕೊಂಡೆ ಎಂದು ಅಳುವವಳೂ ಅವಳೇ. ಮನೆಯಲ್ಲಿ ಉಳಿದ ನನಗೆ ಏನು ಸಿಕ್ಕಿತು ಹೇಳು.

ಈ ಸಲ ಅಮ್ಮ ನನ್ನನ್ನೂ ಜೊತೆಗೆ ಕರೆದಳು. ಏಕೆಂದು ನಿನಗೆ ಗೊತ್ತಿಲ್ಲ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯದು. ಗುಂಡಿಯನ್ನು ತಡವಿ ಹಾಕಿಕೊಳ್ಳುತ್ತಾಳೆ, ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ರೈಲಿನಲ್ಲಿ ಕರಿಯರಿಗೆಂದೇ ಬೇರೆ ಇಟ್ಟಿರುವ ನಮ್ಮವರ ಡಬ್ಬಿಯಲ್ಲಿ, ಮಡಿಲ ಮೇಲೆ ಕರಿದ ಕೋಳಿಯ ಪೆಟ್ಟಿಗೆ ಇಟ್ಟುಕೊಂಡು, “ಇವತ್ತು ನೀನೇ ಕಣೇ ನನ್ನ ಕಣ್ಣು” ಎಂದಳು. ಎಷ್ಟು ಸಂತೋಷವಾಯಿತು ಗೊತ್ತೇ? ಮರುಗಳಿಗೆಯೇ, “ಅವಳು ಉಟ್ಟಿದ್ದು, ತೊಟ್ಟಿದ್ದು, ಸೊರಗಿದ್ದಾಳೋ ಹೇಗೆ, ಒಂದೂ ಬಿಡದೆ ಹೇಳ್ಬೇಕು” ಎಂದಳು. ಕಣ್ಣೂ ನಿನ್ನನ್ನು ನೋಡುವುದಕ್ಕೇ ಬೇಕಾಗಿತ್ತು.

ನೀನು ಹೇಳಿದ ಹೊತ್ತಿಗೆ ಬಂದೆ. ಬೂದು ಕೋಟು, ಮುತ್ತಿನ ಓಲೆ. ಚೆನ್ನಾಗಿದ್ದೆ ಕಣೇ, ಸುಳ್ಳೇಕೆ ಹೇಳಲಿ. ನಿನ್ನ ಮಗು ಥೇಟ್ ನಮ್ಮ ಅಮ್ಮನ ಹಾಗೆ ಕಾಲು ಎಳೆದು ನಡೆಯುತ್ತದೆ. ಕೈಗವಸು ಬೀಳಿಸಿದೆ, ಬಗ್ಗಿದೆ. ನನ್ನ ಮೇಲೂ ಒಂದು ಸಲ ನಿನ್ನ ಕಣ್ಣು ಹಾಯಿತು. ನಾನು ಸೋಡಾಪುಡಿಯಲ್ಲಿ ಬೆಂದ ಕೈಗಳನ್ನು ಕೋಟಿನೊಳಗೆ ಮುಚ್ಚಿಕೊಂಡೆ. ನೀನು ಹೋದೆ.

ಅಂದಿನಿಂದ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಸೂಪು ಕೊಟ್ಟರೆ ಎರಡು ಚಮಚಕ್ಕೆ ಸಾಕು ಅನ್ನುತ್ತಾಳೆ. ಡಾಕ್ಟರು ಹೃದಯ ಸೋತಿದೆ, ಹೆಚ್ಚು ದಿನವಿಲ್ಲ ಎಂದರು. “ಹೋದೋಳಿಗೆ ಕಣ್ಣೀರು, ಇರೋಳಿಗೆ ಎಂಜಲು ತಟ್ಟೆ” ಎಂದು ಜೆರೂಶಾ ನನ್ನ ಪರವಾಗಿ ಗೊಣಗುತ್ತಾಳೆ. ಗೊಣಗಿದರೂ ದಿನಾ ಬಂದು ಕಾಲು ಒತ್ತಿ ಹೋಗುತ್ತಾಳೆ.

ದೇವರು ನಿನ್ನನ್ನೂ ಮಗುವನ್ನೂ ಕಾಪಾಡಲಿ. ಚರ್ಚಿನವರಿಗೆಲ್ಲ ನಿನ್ನ ವಿಷಯ ಗೊತ್ತು, ಒಬ್ಬರೂ ನಿನ್ನ ಹೆಸರೆತ್ತುವುದಿಲ್ಲ. ಅದನ್ನೇ ಅವರ ನಮಸ್ಕಾರ ಎಂದು ತಿಳಿದುಕೋ.

ನಿನ್ನ ಅಕ್ಕ,
ಲುಟೀಶಾ

ತಾ.ಕ.: ಲೂಷಿಯಸ್ ಬಾಗಿಲಲ್ಲಿ ನಿಂತು ರೈಲಿಗೆ ಹೊತ್ತಾಯಿತು ಅನ್ನುತ್ತಿದ್ದಾನೆ, ಹೇಳಿಬಿಡುತ್ತೇನೆ. ಅವತ್ತು ನಿನ್ನ ಬೆನ್ನು ಇನ್ನೂ ಕಾಣುತ್ತಿರುವಾಗಲೇ ಅಮ್ಮ ನನ್ನ ತೋಳು ಹಿಡಿದು “ಬಂದ್ಲಾ?” ಎಂದಳು. ನಾನು ಇಲ್ಲ ಎಂದೆ. ಯಾಕೆ ಎಂದು ಕೇಳಬೇಡ, ಮೇಲೆ ಅಷ್ಟುದ್ದ ಬರೆದಿರುವುದು ಅದೇ. “ಇನ್ನೊಂದ್ ಗಳಿಗೆ ನೋಡೋಣ” ಅನ್ನುತ್ತ ಮೂರು ಗಂಟೆಯವರೆಗೆ ಹೊಸ ಟೋಪಿಯಲ್ಲಿ ಕೂತಿದ್ದಳು. ಮರುದಿನ ಕಾಲು ಹಿಡಿದು ನಿಜ ಹೇಳಿದೆ. ನಂಬಲಿಲ್ಲ. “ನನ್ನ ಸಮಾಧಾನಕ್ಕೆ ಹೇಳ್ತೀಯ, ನನ್ನ ಬಂಗಾರ” ಎಂದು ತಲೆ ಸವರಿದಳು. ಈಗ ದಿನಾ ಹೇಳುತ್ತೇನೆ, ದಿನಾ ಸವರುತ್ತಾಳೆ. ಹುಟ್ಟಿದಾಗಿನಿಂದ ನನಗೆ ಬೇಕಾಗಿದ್ದುದು ಇದೇ ಮೀಡಾ, ನನ್ನಿಂದ ತಡೆಯಲಾಗುತ್ತಿಲ್ಲ. ನೀನು ಬಾ. ಎದುರು ಹಾದುಹೋದರೆ ಇನ್ನು ಅವಳಿಗೆ ಕಾಣದು, ಬಾಯಿಬಿಟ್ಟು ಅಮ್ಮಾ ಅನ್ನಬೇಕು. ಒಗೆಯಲು ಬಟ್ಟೆ ಕೊಡುವ ದೊರೆಸಾನಿಯ ಹಾಗೆ ಗಂಟು ಹಿಡಿದು ಬಾ, ಬೀದಿಯವರು ತಿರುಗಿಯೂ ನೋಡುವುದಿಲ್ಲ. ಬಾಗಿಲು ತೆಗೆದಿರುತ್ತದೆ, ನೇರ ಒಳಗೆ ಹೋಗು. ನಾನು ಹಿತ್ತಲಲ್ಲಿರುತ್ತೇನೆ. ನಿನ್ನ ದನಿ ಕೇಳಿ ಅವಳ ಮುಖ ಅರಳುವುದನ್ನು ನೋಡಲು ನನ್ನಿಂದಾಗದು.