ಹತ್ತನೆಯ ಒಲೆ

ಕಡೆಕುದ್ರು, ೨೧೩೧ನೇ ಇಸವಿ, ಫೆಬ್ರವರಿ ಮೂವತ್ತು

ಮುತ್ತಜ್ಜಿ ಬುದ್ವಂತಿಯವರಿಗೆ, ನಿಮ್ಮ ದೊಡ್ಡ ಮಗಳ ಮೊಮ್ಮಗಳು ಮಾಂಕಾಳಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕಾಲಕ್ಕೆ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ದೊರೆನಾಡಿನವರು ವರ್ಷದ ಕೊನೆಗೆ ರಜೆಯೆಂದು ಸೇರಿಸಿದ್ದಾರೆ. ನೀವು ಸರಕಾರ ಎನ್ನುತ್ತಿದ್ದದ್ದನ್ನೇ ನಾವು ದೊರೆನಾಡು ಎನ್ನುತ್ತೇವೆ, ಯುರೋಪಿನಲ್ಲಿ ಕೂತು ನಮ್ಮ ದ್ವೀಪವನ್ನಾಳುವ ಆ ದೇಶ. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊನ್ನಾವರದ ಕಡೆಯಿಂದ ಇಲ್ಲಿಯ ತೆಂಗಿನ ತೋಟದ ಕೆಲಸಕ್ಕೆ ಬಂದ ಹಿರಿಯರ ಮಾತನ್ನು ಅಜ್ಜಿ ಕಲಿಸಿದಳು. ಅವಳು ತೀರಿಕೊಂಡ ಮೇಲೆ ತಿದ್ದುವವರು ಯಾರೂ ಇಲ್ಲ.

ಹಿರಿಯರಿಗೆ ಬರೆದದ್ದನ್ನು ಅವರ ಒಲೆಯಲ್ಲೇ ಸುಡುವುದು ನಮ್ಮ ಪದ್ಧತಿ. ಹೊಗೆಗೆ ಹಿಂದುಮುಂದು ಗೊತ್ತಿಲ್ಲ, ಯಾವ ಕಾಲಕ್ಕಾದರೂ ಹೋಗಿ ಮುಟ್ಟುತ್ತದೆ ಎನ್ನುತ್ತಾರೆ. ಇದು ಮುಟ್ಟುವ ಹೊತ್ತಿಗೆ ನೀವಿನ್ನೂ ಬಟ್ಟೆಗಂಟು ಕಟ್ಟುತ್ತಿರಬಹುದು. ಚಿಕ್ಕ ಮಗಳ ಕಣ್ಣಿನ ಚಿಕಿತ್ಸೆಗೆಂದು ದೊರೆನಾಡಿನ ಹಡಗು ಹತ್ತುತ್ತೀರಿ. ಟಿಕೆಟ್ಟಿಗೆ ದುಡ್ಡು ಕೇಳುವುದಿಲ್ಲ. ದೊಡ್ಡವಳನ್ನು, ಅಂದರೆ ನನ್ನ ಅಜ್ಜಿಯನ್ನು, ಪಕ್ಕದ ಮನೆಯಲ್ಲಿ ಬಿಟ್ಟು, ಗಂಜಿ ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ತಿಂಗಳೊಪ್ಪತ್ತಿನಲ್ಲಿ ಬರುತ್ತೇನೆಂದು ಹೊರಡುತ್ತೀರಿ. ಕಣ್ಣು ವಾಸಿಯಾಗುತ್ತದೆ. ಹಿಂದಿರುಗುವ ಟಿಕೆಟ್ ಕೇಳಿದಾಗ ಮಾತ್ರ ಆ ದ್ವೀಪಕ್ಕೆ ಈಗ ಹಡಗಿಲ್ಲ ಎನ್ನುತ್ತಾರೆ. ಹೀಗೇ ಒಬ್ಬರ ಹಿಂದೆ ಒಬ್ಬರಂತೆ ಊರೇ ಹೋಯಿತು. ಯಾರನ್ನೂ ಓಡಿಸಲಿಲ್ಲ, ನೋಡಿ. ಮರಳಿ ಬರಲು ಬಿಡಲಿಲ್ಲ, ಅಷ್ಟೆ.

ದೊಡ್ಡ ದೊಡ್ಡ ದೇಶಗಳನ್ನು ಬಿಟ್ಟು ಹೋಗುವಾಗ ದೊರೆನಾಡಿನವರು ಬ್ಯಾಂಡು ಬಾರಿಸಿ ಬಾವುಟ ಇಳಿಸಿದರಂತೆ. ನಮ್ಮಂಥ ಚುಕ್ಕಿ ದ್ವೀಪಗಳಿಗೆ ಮಾತ್ರ, ದೇಶವಾಗಲು ನೀವು ತೀರಾ ಸಣ್ಣವರು ಎಂದರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ನಾವು ಸಣ್ಣವರೇ ಇರಬಹುದು, ನಮ್ಮ ಸುತ್ತಲ ಕಡಲು ಸಣ್ಣದಲ್ಲವಲ್ಲ! ಅವರ ಕಣ್ಣಿದ್ದದ್ದು ಅದರ ಮೇಲೆ. ಲೋಕದ ಸಭೆಯಲ್ಲಿ ಛೀಮಾರಿ ಹೆಚ್ಚಾದಾಗ ಒಂದು ಕಾಯಿದೆ ತಂದರು. ಹತ್ತು ಒಲೆ ಉರಿಯುವವರೆಗೆ ದ್ವೀಪವೂ ಕಡಲೂ ಇಲ್ಲಿಯ ಜನರದು. ಒಂದು ಕಮ್ಮಿಯಾದರೂ ಅದು ಜನವಿಲ್ಲದ ನೆಲ, ಶಾಶ್ವತವಾಗಿ ದೊರೆನಾಡಿನದು. ಹೋದವರ ಮಕ್ಕಳು ಮೊಮ್ಮಕ್ಕಳು ಮರಳಿ ಬರುವ ಹಕ್ಕಿಗಾಗಿ ಅಲ್ಲಿಯ ಕೋರ್ಟಿನಲ್ಲಿ ಬಡಿದಾಡುತ್ತಿದ್ದಾರೆ. ಇಲ್ಲಿ ಒಲೆ ಉರಿಯುವವರೆಗೆ ಅವರ ಕೇಸಿಗೆ ಜೀವ.

ಎಣಿಸಲು ಮನುಷ್ಯರು ಬರುವುದಿಲ್ಲ. ತಿಂಗಳ ಕೊನೆಯ ದಿನ ಬೆಳಿಗ್ಗೆ ಮುಗಿಲಗಣ್ಣು ಹಾದುಹೋಗುತ್ತದೆ. ಅದು ಆಕಾಶದಲ್ಲಿ ಸುತ್ತುವ ಯಂತ್ರ. ಯಾವ ಮಾಡಿನಿಂದ ಹೊಗೆ ಏಳುತ್ತದೋ ಅಲ್ಲಿ ಸಂಸಾರವಿದೆ ಎಂದು ಲೆಕ್ಕ ಹಾಕುತ್ತದೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ನಿಮಗೂ ಗೊತ್ತು. ಜನರಿಲ್ಲದೆಯೂ ಹೊಗೆಯಾಡುತ್ತದೆಂದು ನಾನು ತೋರಿಸಿಕೊಟ್ಟಿದ್ದೇನೆ.

ಏಕೆಂದರೆ ಇಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಗಣತಿಯ ದಿನ ನಸುಕಿನಲ್ಲೆದ್ದು ಮನೆಯಿಂದ ಮನೆಗೆ ಹೋಗಿ ಒಲೆ ಹಚ್ಚುತ್ತೇನೆ. ಖಾಲಿ ಮನೆಯಾದರೂ ಬಾಗಿಲಲ್ಲಿ ಒಮ್ಮೆ ಕೆಮ್ಮಿಯೇ ಒಳಗೆ ಹೋಗುವುದು. ಕೇಶವ ಖಾರ್ವಿಯವರ ಒಲೆ ಮಹಾ ಮುಂಗೋಪಿ, ಊದಿದರೆ ಕಣ್ಣಿಗೇ ಹೊಗೆ ಬಿಡುತ್ತದೆ. ನನ್ನ ಗಂಜಿ ಮಡಕೆಯೊಂದೇ, ಒಲೆಯಿಂದ ಒಲೆಗೆ ಹೊತ್ತು ತಿರುಗುವಷ್ಟರಲ್ಲಿ ಒಳಗಿರುವುದು ಅಂಟಾಗಿರುತ್ತದೆ. ಕಡಲು ಸುಮ್ಮನಿದ್ದಾಗ ಪಕ್ಕದ ದ್ವೀಪದ ಮರ್ಸೆಲ ಕದ್ದು ದೋಣಿಯಲ್ಲಿ ಅಕ್ಕಿ, ಉಪ್ಪು ತರುತ್ತಾನೆ. "ಮಾಂಕಾಳಕ್ಕ, ಹತ್ತು ಮನೆಗೆ ನೀನೊಬ್ಬಳೇ ಸೊಸೆ" ಎಂದು ನಗುತ್ತಾನೆ. ಅವನು ಹೋದ ಮೇಲೆ ಆ ಮಾತನ್ನೇ ಗಟ್ಟಿಯಾಗಿ ಹೇಳಿಕೊಂಡು ನಾನೂ ನಗುತ್ತೇನೆ. ಇನ್ನೊಬ್ಬರ ದನಿ ಕೇಳದೆ ನನ್ನ ದನಿಯೇ ನನಗೆ ಪರಕೀಯವಾಗಿದೆ.

ಈ ವರ್ಷ ಮಳೆ ಬಿಟ್ಟೇ ಇಲ್ಲ. ತೆಂಗಿನ ಸಿಪ್ಪೆಯೆಲ್ಲ ಒದ್ದೆ. ಹೊಗೆಗೆ ಅದು ಒಳ್ಳೆಯದೇ, ಆದರೆ ಹೊತ್ತಿಸಲು ಒಣಗಿದ್ದೇನಾದರೂ ಬೇಕು. ಇವತ್ತು ಒಂಬತ್ತು ಮನೆ ಮುಗಿಸಿ ನಿಮ್ಮ ಮನೆಗೆ ಬರುವಷ್ಟರಲ್ಲಿ ಒಣಗರಿ ತೀರಿತು. ಪಕ್ಕದ ಮನೆಯ ಕೆಂಡ ತಂದು ಹಾಕಿದರೆ ಚುಂಯ್ ಎಂದು ಆರಿಹೋಯಿತು. ಬಾಗಿಲು ಮುರಿದು ಸುಡಲಾರೆ, ಬಂದವರಿಗೆ ಬೇಕಲ್ಲ. ಒಣಗಿದ್ದೆಂದರೆ ಮರ್ಸೆಲ ಕೊಟ್ಟ ಈ ಕಾಗದ. ಖಾಲಿ ಕಾಗದ ಸುಡಲು ಮನಸ್ಸು ಬಾರದೆ ಬರೆಯುತ್ತಾ ಕೂತಿದ್ದೇನೆ.

ಹಚ್ಚದಿದ್ದರೆ? ಒಂಬತ್ತೆಂದು ಎಣಿಸಿ ನನ್ನನ್ನು ಕರೆದೊಯ್ಯಲು ಹಡಗು ಕಳಿಸುತ್ತಾರೆ. ಹಡಗಿನಲ್ಲಿ ಜನ ಇರುತ್ತಾರೆ. ಯಾರೋ ಮಾಡಿದ ಬಿಸಿ ಅನ್ನವನ್ನು ಯಾರೋ ಬಡಿಸುತ್ತಾರೆ, ಸಾಕೇ ಎಂದು ಕೇಳುತ್ತಾರೆ. ಮುತ್ತಜ್ಜಿ, ಸುಳ್ಳು ಹೇಳಲಾರೆ, ನನಗೆ ಹೋಗಬೇಕೆನಿಸುತ್ತದೆ. ದೊಡ್ಡವಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರೆ ನಾನೂ ಜನರ ನಡುವೆ ಹುಟ್ಟುತ್ತಿದ್ದೆನಲ್ಲ ಎಂದು ನಿಮ್ಮ ಮೇಲೆ ಸಿಟ್ಟು ಬಂದದ್ದೂ ಇದೆ.

ಆದರೆ ನಿಮ್ಮ ಮಡಕೆ ಇಲ್ಲೇ ಇದೆ. ಪ್ರತಿ ತಿಂಗಳೂ ಅದನ್ನು ಎತ್ತಿಟ್ಟು ಒಲೆ ಹಚ್ಚಿ, ಮತ್ತೆ ನೀವಿಟ್ಟಂತೆಯೇ ಬೋರಲು ಹಾಕುತ್ತೇನೆ. ಬರುತ್ತೇನೆಂದು ಹೇಳಿ ಹೋದವರ ಮನೆಯನ್ನು ದಿಕ್ಕಿಲ್ಲದ ಮನೆ ಎಂದು ಬರೆಸಿಕೊಳ್ಳಲು ನನ್ನಿಂದಾಗದು.

ಒಂದೇ ಬೇಡಿಕೆ. ಹೋಗಬೇಡಿ ಎನ್ನಲಾರೆ, ಮಗುವಿನ ಕಣ್ಣಿನ ಮಾತು. ಬಂದರಿನಲ್ಲಿ ಹಡಗಿಲ್ಲ ಎಂದಾಗ ಅತ್ತು ಸುಮ್ಮನಾಗಬೇಡಿ. ಚಿಕ್ಕವಳಿಗೆ ಮನೆಯ ದಾರಿ ಬಾಯಿಪಾಠ ಮಾಡಿಸಿ: ದೋಣಿ ನಿಲ್ಲುವ ಕಲ್ಲಿನ ಧಕ್ಕೆ ಇಳಿದು, ಬಾವಿ ದಾಟಿ, ಎಡಗಡೆಯ ಕೊನೆಯ ಮನೆ. ಅವಳು ತನ್ನ ಮಕ್ಕಳಿಗೆ ಹೇಳಲಿ, ಅವರು ಅವರ ಮಕ್ಕಳಿಗೆ. ಅವರಲ್ಲಿ ಒಬ್ಬರಾದರೂ ಬಂದು ಈ ಬಾಗಿಲಲ್ಲಿ ನಿಂತು ಕೆಮ್ಮಿದರೆ ನನಗೆ ಅಷ್ಟೇ ಸಾಕು.

ಹೊತ್ತಾಯಿತು. ಕಾಗದ ಮಡಚಿ ಸಿಪ್ಪೆಯ ಕೆಳಗಿಡುತ್ತೇನೆ. ಹೊತ್ತಿಕೊಂಡರೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಮುಗಿಲಗಣ್ಣು ಈ ಮಾಡಿನ ಮೇಲೆ ಹಾದು, ಬುದ್ವಂತಿ ಮನೆಯಲ್ಲಿದ್ದಾಳೆ ಎಂದು ಎಣಿಸಿಕೊಂಡು ಹೋಗುತ್ತದೆ.